ಕಲರ್ ಸಾರ್ಟರ್ ಯಾವಾಗ ಬದಲಿಸಬೇಕು? ಗಂಗಾವತಿ ಮಿಲ್ಲಿನ ಲೆಕ್ಕ

ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಪಕ್ಕದ ಮಿಲ್ಲಿಗೆ ಹೊಸ ಕಲರ್ ಸಾರ್ಟರ್, ಅಂದರೆ ಬಣ್ಣ ನೋಡಿ ಕಪ್ಪು ಅಕ್ಕಿ ಬೇರೆ ಮಾಡುವ ಮಷಿನ್, ಬಂತು ಅಂದರೆ ನಮ್ಮ ಸಾಹುಕಾರರಿಗೆ ರಾತ್ರಿ ನಿದ್ದೆ ಬರಲ್ಲ. ಹೋದ ಸಲ ಒಂದು ವಾರ ಟೈಮ್ ಕೇಳಿದೆ, ಲೆಕ್ಕ ಹಾಕಿ ತೋರಿಸಿದೆ.

ಮೊದಲು ವರ್ಷವಾರು ಖರ್ಚು ಬರೆಯಿರಿ. ರಿಪೇರಿ ಬಿಲ್ ಫೈಲಲ್ಲಿ ಸಿಗುತ್ತೆ. ಮಷಿನ್ ನಿಂತ ಗಂಟೆಗಳನ್ನು ಮಾತ್ರ ಯಾರೂ ಬರೆದಿಟ್ಟಿರಲ್ಲ, ಅಸಲಿ ಖರ್ಚು ಅಲ್ಲೇ ಇರೋದು. ಒಮ್ಮೆ ನಮ್ಮ ಕಂಪ್ರೆಸರಿನ ಗಾಳಿ ಒಣಗಿಸುವ ಡ್ರೈಯರ್ ಕೆಟ್ಟು, ಗಾಳಿ ಜೊತೆ ನೀರಿನಂಶ ಸೇರಿ, ಕಪ್ಪು ಅಕ್ಕಿ ಊದಿ ಹಾಕುವ ಎಜೆಕ್ಟರ್ ವಾಲ್ವ್‌ಗಳು ಅಂಟಿಕೊಂಡವು. ಸುಗ್ಗಿ ಸಮಯ. 40 ಗಂಟೆ ನಿಂತಿತು. ನಮ್ಮದು ಗಂಟೆಗೆ 20 ಕ್ವಿಂಟಲ್, ಕ್ವಿಂಟಲ್‌ಗೆ ಉಳಿಯೋದು 100 ರೂಪಾಯಿ. ಅಲ್ಲಿಗೆ ಗಂಟೆಗೆ 2,000 ನಷ್ಟ. ಸುಮ್ನೆ ಕೂತ ಹಮಾಲರ ಕೂಲಿ, ಲಾರಿ ಬಾಡಿಗೆ ಸೇರಿ ಗಂಟೆಗೆ 3,000. 40 ಗಂಟೆಗೆ ಒಟ್ಟು 1.2 ಲಕ್ಷ! ವಾಲ್ವ್ ಬಿಲ್ ಇದರ ಮುಂದೆ ಏನೂ ಅಲ್ಲ. ಆದರೆ ಕೆಲಸ ಕಡಿಮೆ ಇರುವ ತಿಂಗಳಲ್ಲಿ ನಿಂತರೆ ಆ ನಷ್ಟ ಬರೆಯಬೇಡಿ, ರಾತ್ರಿ ಪಾಳಿ ಓಡಿಸಿ ತುಂಬಿಕೊಳ್ಳಬಹುದು.

ಈಗ ಭಾಗಾಕಾರ. ಹೊಸ ಮಷಿನ್ 20 ಲಕ್ಷ ಅನ್ನಿ. 5 ವರ್ಷಕ್ಕೆ ಮಾರಿದರೆ 7 ಲಕ್ಷ ಬರುತ್ತೆ, ಅಂದರೆ ಕಳೆದದ್ದು 13. ಅಷ್ಟು ವರ್ಷದ ರಿಪೇರಿ ಮತ್ತು ನಿಂತ ನಷ್ಟ 7. ಒಟ್ಟು 20, ವರ್ಷಕ್ಕೆ 4 ಲಕ್ಷ. 4 ವರ್ಷಕ್ಕೇ ಮಾರಿದರೆ ಸರಾಸರಿ 4.08, 6ಕ್ಕೆ ಎಳೆದರೆ 4.33. ಎಲ್ಲಕ್ಕಿಂತ ಕಡಿಮೆ ಬರೋದು 5ನೇ ವರ್ಷಕ್ಕೆ. ಸಾಲ ಇದ್ದರೆ ಬಡ್ಡಿ ಸೇರಿಸಿ, ಮತ್ತೆ ಭಾಗಿಸಿ.

ಹಳೇದನ್ನು ಇನ್ನೊಂದು ವರ್ಷ ಓಡಿಸಿದರೆ? ನಮ್ಮದಕ್ಕೆ ಮುಂದಿನ ವರ್ಷದ ರಿಪೇರಿ, ನಷ್ಟ 5 ಲಕ್ಷ. ಮಾರುವ ಬೆಲೆ 1 ಲಕ್ಷ ಇಳಿಯುತ್ತೆ. ಒಟ್ಟು 6. ಹೊಸದರ 4ಕ್ಕಿಂತ ಜಾಸ್ತಿ, ಬದಲಿಸಬೇಕು. "ಅವತ್ತು ಎಷ್ಟು ಕೊಟ್ಟು ತಂದಿದ್ವಿ ಗೊತ್ತಾ?" ಅಂತಾರೆ ಸಾಹುಕಾರರು. ಅದು ಹೋದ ದುಡ್ಡು, ಈ ಲೆಕ್ಕಕ್ಕೆ ಬರಲ್ಲ.

ನಮ್ಮ ಕಡೆ ಇನ್ನೊಂದು ತಲೆನೋವು ಇದೆ, ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟ್ ಕಿತ್ತುಹೋದಾಗ ಇಲ್ಲಿ ಎಲ್ಲರೂ ಕೇಳಿದ್ದು ಒಂದೇ, ಬೆಳೆಗೆ ನೀರು ಉಳೀತದಾ? ಎರಡನೇ ಬೆಳೆ ಇಲ್ಲದಿದ್ದರೆ ಮಷಿನ್ ಅರ್ಧ ಓಡುತ್ತೆ, ಆ 6 ಲಕ್ಷ 3.5ಕ್ಕೆ ಇಳಿಯುತ್ತೆ. ಆಗ ಒಂದು ವರ್ಷ ಕಾಯಬಹುದು. 6 ಮತ್ತು 3.5 ಎರಡನ್ನೂ ತೂಗಿ ನೋಡಿದರೆ ಹೊಸದರ 4 ಲಕ್ಷಕ್ಕೆ ಸಮ ಆಗೋದು, ಎರಡನೇ ಬೆಳೆಗೆ ನೀರು ಬರುವ ಸಾಧ್ಯತೆ 5ರಲ್ಲಿ 1 ಇದ್ದಾಗ. ಅದಕ್ಕಿಂತ ಜಾಸ್ತಿ ಇದ್ದರೆ ಬದಲಿಸೋದೇ ಸರಿ. ಸಾಧ್ಯತೆ ಎಷ್ಟು ಅಂತ ಕೇಳಿದರೆ ಸಾಹುಕಾರರು ಆಕಾಶ ನೋಡ್ತಾರೆ. "5ರಲ್ಲಿ 1ಕ್ಕಿಂತ ಜಾಸ್ತಿ ಅಲ್ವಾ?" ಅಂತ ಕೇಳಿದೆ. ಕೂಡಲೇ ಡೀಲರ್‌ಗೆ ಫೋನ್ ಹಚ್ಚಿದರು.