ಅಸೆಂಬ್ಲಿಯಲ್ಲಿ ದಾಳ ಹಾಕುವುದು ಹೇಗೆ?

ಪೈಥಾನ್‌ನಲ್ಲಿ 1ರಿಂದ 6ರೊಳಗೆ ಒಂದು ರ‍್ಯಾಂಡಮ್ ನಂಬರ್ ಬೇಕು ಅಂದರೆ ಒಂದೇ ಸಾಲಿನ ಕೆಲಸ. ಪ್ರೊಸೆಸರಿಗೆ ನೇರವಾಗಿ ಆಜ್ಞೆ ಬರೆಯುವ ಅಸೆಂಬ್ಲಿ ಭಾಷೆಯಲ್ಲಿ ಅಂಥ ರೆಡಿಮೇಡ್ ಸೌಕರ್ಯ ಇಲ್ಲ, ನಾವೇ ಕಟ್ಟಿಕೊಳ್ಳಬೇಕು. ಎಂಜಿನಿಯರಿಂಗ್ ಲ್ಯಾಬುಗಳಲ್ಲಿ ಎಷ್ಟೋ ಜನ ಕಲಿತ 8086 ಪ್ರೊಸೆಸರನ್ನೇ ಇಟ್ಟುಕೊಂಡು ನೋಡೋಣ. ಹಳೆಯ ಡಾಸ್ ಪ್ರೋಗ್ರಾಮುಗಳನ್ನು ಓಡಿಸುವ ಡಾಸ್‌ಬಾಕ್ಸ್ ಮತ್ತು ಕೋಡನ್ನು ಯಂತ್ರಭಾಷೆಗೆ ಬದಲಿಸುವ ಒಂದು ಅಸೆಂಬ್ಲರ್ ಇದ್ದರೆ ಸಾಕು. ಇಲ್ಲಿ ಓದಲಿಕ್ಕೆ ಅಂತ ಕೋಡನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷೇ ಬೇಕು.

ಮೊದಲ ಹೆಜ್ಜೆ ಸೀಡ್, ಅಂದರೆ ಶುರುವಿನ ಸಂಖ್ಯೆ. ಎಎಚ್ ಎಂಬ ರಿಜಿಸ್ಟರ್‌ನಲ್ಲಿ (ಪ್ರೊಸೆಸರಿನೊಳಗೆ ಸಂಖ್ಯೆ ಇಡುವ ಪುಟ್ಟ ಜಾಗ; ಮುಂದೆ ಬರುವ ಎಎಕ್ಸ್, ಬಿಎಕ್ಸ್, ಸಿಎಕ್ಸ್, ಡಿಎಕ್ಸ್ ಕೂಡ ಅಂಥವೇ) 0 ಇಟ್ಟು, ಇಂಟ್ 1ಎಎಚ್ ಎಂಬ ಗಡಿಯಾರದ ಸೇವೆಯನ್ನು ಕರೆಯಿರಿ. ಮಧ್ಯರಾತ್ರಿಯಿಂದ ಈವರೆಗೆ ಗಡಿಯಾರ ಎಷ್ಟು ಸಲ ಟಿಕ್ ಅಂದಿದೆ ಅನ್ನುವ ಲೆಕ್ಕ ಸಿಎಕ್ಸ್ ಮತ್ತು ಡಿಎಕ್ಸ್‌ನಲ್ಲಿ ಸಿಗುತ್ತದೆ. ಕೆಳಗಿನ ಅರ್ಧ ಡಿಎಕ್ಸ್‌ನಲ್ಲಿರುತ್ತದೆ. ಅದನ್ನು ಸೀಡ್ ಎಂಬ ವರ್ಡ್ (16 ಬಿಟ್) ವೇರಿಯಬಲ್‌ಗೆ ಹಾಕಿಕೊಳ್ಳಿ. ಈ ಕೆಲಸ ಪ್ರೋಗ್ರಾಮಿನ ಶುರುವಿನಲ್ಲಿ ಒಂದೇ ಸಲ. ಲೂಪಿನ ಒಳಗಿಟ್ಟರೆ ಕೆಟ್ಟಿತು. ಒಂದು ಟಿಕ್ ಆಗಲು ಸುಮಾರು 55 ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ನಿಮ್ಮ ಲೂಪ್ ಎಷ್ಟೋ ಸುತ್ತು ಮುಗಿಸಿರುತ್ತದೆ. ಸ್ಕ್ರೀನ್ ತುಂಬ ಒಂದೇ ನಂಬರ್!

ಮುಂದಿನದು ಸೀಡ್‌ನಿಂದ ಹೊಸ ಸಂಖ್ಯೆ ಹುಟ್ಟಿಸುವುದು. ಒಂದು ಸಂಖ್ಯೆಯಿಂದ ಗುಣಿಸಿ, ಇನ್ನೊಂದನ್ನು ಕೂಡಿಸುವುದು, ಅಷ್ಟೇ. ಮೂವ್ ಅಂದರೆ ಸಂಖ್ಯೆಯನ್ನು ಒಂದು ಕಡೆ ಇಡುವುದು, ಮಲ್ ಅಂದರೆ ಎಎಕ್ಸ್‌ನಲ್ಲಿರುವುದನ್ನು ಗುಣಿಸುವುದು, ಆ್ಯಡ್ ಅಂದರೆ ಕೂಡಿಸುವುದು.

ಮೂವ್ ಎಎಕ್ಸ್, 25173
ಮಲ್ ಸೀಡ್
ಆ್ಯಡ್ ಎಎಕ್ಸ್, 13849
ಮೂವ್ ಸೀಡ್, ಎಎಕ್ಸ್

ಉತ್ತರವನ್ನು 65536ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. ಆದರೆ ಎಎಕ್ಸ್‌ನಲ್ಲಿ ಇರುವುದೇ 16 ಬಿಟ್. ಗುಣಿಸಿದಾಗ ಮಿಕ್ಕಿದ್ದು ಡಿಎಕ್ಸ್‌ಗೆ ಹೋಗುತ್ತದೆ, ಅದನ್ನು ಇಲ್ಲಿ ಬಿಟ್ಟುಬಿಡುತ್ತೇವೆ; ಕೂಡಿಸಿದಾಗ ಮಿಕ್ಕಿದ್ದು ತಾನಾಗಿ ಬಿದ್ದುಹೋಗುತ್ತದೆ. ಈ ಎರಡು ಸಂಖ್ಯೆಗಳನ್ನು ಸುಮ್ನೆ ಆರಿಸಿದ್ದಲ್ಲ. ಕೂಡಿಸುವ ಸಂಖ್ಯೆ ಬೆಸ ಆಗಿದ್ದು, ಗುಣಿಸುವ ಸಂಖ್ಯೆಯನ್ನು 4ರಿಂದ ಭಾಗಿಸಿದಾಗ 1 ಉಳಿದರೆ, 65536 ಸಂಖ್ಯೆಗಳೂ ಒಂದೊಂದು ಸಲ ಬಂದ ಮೇಲೆಯೇ ಸರಣಿ ಮೊದಲಿಗೆ ಮರಳುತ್ತದೆ. ಮನಸ್ಸಿಗೆ ಬಂದ ಸಂಖ್ಯೆ ಹಾಕಿದರೆ ಈ ಗ್ಯಾರಂಟಿ ಇಲ್ಲ.

ಈಗ ಅಸಲಿ ವಿಷಯ: ಇದನ್ನು 1ರಿಂದ 6ರೊಳಗೆ ತರುವುದು. ಎಲ್ಲರೂ ಹೇಳಿಕೊಡುವ ದಾರಿ 6ರಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸುವುದು. ಮಾಡಿ ನೋಡಿ. ಸೀಡ್ 1 ಇದ್ದರೆ ಮುಂದಿನ ಸಂಖ್ಯೆಗಳು 39022, 61087, 20196. ದಾಳದಲ್ಲಿ 5, 2, 1. ಚೆನ್ನಾಗಿಯೇ ಇದೆ ಅಲ್ವಾ? ಆದರೆ ಆ ಮೂರು ದೊಡ್ಡ ಸಂಖ್ಯೆಗಳನ್ನು ಗಮನಿಸಿ: ಸಮ, ಬೆಸ, ಸಮ. ಬೆಸದಿಂದ ಗುಣಿಸಿ ಬೆಸ ಕೂಡಿಸುತ್ತಿರುವುದರಿಂದ ಕೊನೆಯ ಬಿಟ್ ಪ್ರತಿ ಸಲ ತಿರುಗಿ ಬೀಳುತ್ತದೆ. 6 ಸಮಸಂಖ್ಯೆ ಆದ್ದರಿಂದ ಶೇಷದಲ್ಲೂ ಅದೇ ಆಟ. ಹಾವು-ಏಣಿ ಆಡುವವರಿಗೆ ಇದು ಗೊತ್ತಾದರೆ ಈ ಸಲ ಬೆಸ, ಮುಂದಿನ ಸಲ ಸಮ ಅಂತ ಮೊದಲೇ ಹೇಳಿಬಿಡುತ್ತಾರೆ.

ಭಾಗಾಕಾರಕ್ಕೆ ಇನ್ನೊಂದು ತಲೆನೋವೂ ಇದೆ. ಡಿವ್ ಭಾಗಿಸುವುದು ಡಿಎಕ್ಸ್-ಎಎಕ್ಸ್ ಜೋಡಿಯನ್ನು. ಡಿಎಕ್ಸ್ ಸೊನ್ನೆ ಮಾಡಲು ಮರೆತು ಅಲ್ಲಿ ಹಳೆಯ ದೊಡ್ಡ ಸಂಖ್ಯೆ ಉಳಿದಿದ್ದರೆ, ಡಿವೈಡ್ ಓವರ್‌ಫ್ಲೋ ಆಗಿ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ.

ನನ್ನ ಕೇಳಿದರೆ ಭಾಗಿಸಲೇಬೇಡಿ, ಗುಣಿಸಿ. ಹೊಸ ಸಂಖ್ಯೆ ಹೇಗೂ ಎಎಕ್ಸ್‌ನಲ್ಲಿದೆ. ಮುಂದಕ್ಕೆ ಹೀಗೆ ಬರೆಯಿರಿ:

ಮೂವ್ ಬಿಎಕ್ಸ್, 6
ಮಲ್ ಬಿಎಕ್ಸ್
ಇಂಕ್ ಡಿಎಕ್ಸ್

ಇಂಕ್ ಅಂದರೆ 1 ಕೂಡಿಸುವುದು. ಉತ್ತರ ಡಿಎಕ್ಸ್‌ನಲ್ಲಿದೆ. 39022 ಅನ್ನು 6ರಿಂದ ಗುಣಿಸಿದರೆ 234132. ಅದರಲ್ಲಿ 65536 ಮೂರು ಸಲ ಪೂರ್ತಿ ಹಿಡಿಸುತ್ತದೆ, ಆ 3 ಡಿಎಕ್ಸ್‌ಗೆ ಹೋಗುತ್ತದೆ. 1 ಕೂಡಿಸಿದರೆ 4. ಮುಂದಿನವು 6 ಮತ್ತು 2. ಸಂಖ್ಯೆಯ ಮೇಲಿನ ಬಿಟ್‌ಗಳೇ ಉತ್ತರ ತೀರ್ಮಾನಿಸುವುದರಿಂದ ಸಮ-ಬೆಸದ ಆಟ ನಡೆಯುವುದಿಲ್ಲ. 8086ರಲ್ಲಿ ಡಿವ್‌ಗಿಂತ ಮಲ್ ಸ್ವಲ್ಪ ಬೇಗವೂ ಹೌದು. ಮಲ್ ಡಿಎಕ್ಸ್ ಅನ್ನು ಅಳಿಸುತ್ತದೆ, ಅಲ್ಲಿ ಬೇಕಾದ್ದು ಇದ್ದರೆ ಮೊದಲೇ ಪುಶ್ ಮಾಡಿ ಮೆಮೊರಿಯಲ್ಲಿ ಎತ್ತಿಡಿ.

ಬೇರೆ ವ್ಯಾಪ್ತಿ ಬೇಕೇ? ಮೇಲಿನ ಮಿತಿಯಿಂದ ಕೆಳಗಿನದನ್ನು ಕಳೆದು 1 ಸೇರಿಸಿ, ಅದರಿಂದ ಗುಣಿಸಿ. ಕೊನೆಗೆ 1ರ ಬದಲು ಕೆಳಗಿನ ಮಿತಿ ಕೂಡಿಸಿ. 10ರಿಂದ 50 ಅಂದರೆ 41 ಸಂಖ್ಯೆ, 40 ಅಲ್ಲ. ಆ 1 ಮರೆತರೆ 50 ಬರುವುದೇ ಇಲ್ಲ. ವ್ಯಾಪ್ತಿ ದೊಡ್ಡದಾದಷ್ಟೂ ಸಾಮಾನ್ಯವಾಗಿ ಪಕ್ಷಪಾತ ಜಾಸ್ತಿ. 40000 ಸಂಖ್ಯೆಗಳ ವ್ಯಾಪ್ತಿಯಾದರೆ 25536 ಸಂಖ್ಯೆಗಳು ಎರಡೆರಡು ಸಲ ಬರುತ್ತವೆ, ಉಳಿದವು ಒಂದೇ ಸಲ. ಅಲ್ಲಿ 32 ಬಿಟ್‌ಗೆ ಹೋಗುವುದೇ ವಾಸಿ.

ಪಾಸ್‌ವರ್ಡ್, ಒಟಿಪಿಗೆ ಮಾತ್ರ ಈ ವಿಧಾನ ಬೇಡವೇ ಬೇಡ. ಒಂದು ಸಂಖ್ಯೆ ಸಿಕ್ಕರೆ ಮುಂದಿನದೆಲ್ಲ ಸಿಕ್ಕಂತೆ. ಇಂಟೆಲ್ 2012ರ ಐವಿ ಬ್ರಿಡ್ಜ್ ಚಿಪ್‌ಗಳಿಂದ ಕೊಡುತ್ತಿರುವ ಆರ್‌ಡಿರ‍್ಯಾಂಡ್ ಇನ್‌ಸ್ಟ್ರಕ್ಷನ್ ಅದಕ್ಕೇ ಇರುವುದು. ಕರೆದ ಮೇಲೆ ಕ್ಯಾರಿ ಫ್ಲ್ಯಾಗ್ (ಸಂಖ್ಯೆ ಸಿಕ್ಕಿತೇ ಅಂತ ಇಲ್ಲಿ ಹೇಳುವ ಪ್ರೊಸೆಸರಿನ ಒಂದು ಬಿಟ್) 1 ಇದೆಯೇ ನೋಡಿ, ಇಲ್ಲದಿದ್ದರೆ ಮತ್ತೆ ಕರೆಯಿರಿ.

ಕೊನೆಗೆ ಪರೀಕ್ಷೆ. ಸಿಎಕ್ಸ್‌ನಲ್ಲಿ 0 ಇಟ್ಟು ಲೂಪ್ ಹಾಕಿ. ಲೂಪ್ ಇನ್‌ಸ್ಟ್ರಕ್ಷನ್ ಮೊದಲು ಸಿಎಕ್ಸ್‌ನಿಂದ ಒಂದು ಕಳೆದು ಆಮೇಲೆ ಸೊನ್ನೆ ಆಯಿತೇ ಅಂತ ನೋಡುವುದರಿಂದ ಸರಿಯಾಗಿ 65536 ಸುತ್ತು ಹೊಡೆಯುತ್ತದೆ. ಪ್ರತಿ ಮುಖ ಎಷ್ಟು ಸಲ ಬಂತು ಎಣಿಸಿ. 3 ಮತ್ತು 6 ತಲಾ 10922 ಸಲ, ಉಳಿದ ನಾಲ್ಕು ತಲಾ 10923 ಸಲ ಬರಬೇಕು. ಬರದಿದ್ದರೆ 25173 ಸರಿಯಾಗಿ ಟೈಪ್ ಮಾಡಿದ್ದೀರಾ ಅಂತ ಮೊದಲು ನೋಡಿ.