ಹೆಸರಿಲ್ಲದ ಪದಕಗಳು: ಜಪಾನಿನ ಹಳೆಯ ಪದಕ ಸಂಗ್ರಹದಲ್ಲಿ ನನ್ನ ಅನುಭವ

ಜಪಾನಿನ ಹಳೆಯ ಪದಕ ಕೂಡಿಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಲೋಹ ಆಮೇಲೆ, ಮೊದಲು ಕಾಗದ ನೋಡಿ. ಬ್ರಿಟಿಷರ ಕಾಲದ ಯುದ್ಧಪದಕಗಳ ಅಂಚಿನಲ್ಲಿ ಸಿಪಾಯಿಯ ಹೆಸರು, ನಂಬರು, ಪಲ್ಟನ್ನು ಇರುತ್ತವೆ. ಮೊದಲ ಮಹಾಯುದ್ಧಕ್ಕೆ ಹೋಗಿಬಂದ ಮೈಸೂರು ಲ್ಯಾನ್ಸರ್ಸ್ ಸವಾರನೊಬ್ಬನ ಪದಕ ಸಿಕ್ಕಿದರೆ ಅಂಚನ್ನು ಬೆಳಕಿಗೆ ತಿರುಗಿಸಿದರೆ ಸಾಕು, ಅದು ಯಾರದ್ದೆಂದು ಗೊತ್ತಾಗುತ್ತದೆ. ಜಪಾನಿನಲ್ಲಿ ಆ ಪದ್ಧತಿ ಇರಲಿಲ್ಲ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ಪಾಲ್ಗೊಂಡವರಿಗೆ ಕೊಟ್ಟ ಪದಕವನ್ನೇ ತೆಗೆದುಕೊಳ್ಳಿ. ಮೇಲೆ ಸೇವಂತಿಗೆ ಮುದ್ರೆ, ಕೆಳಗೆ ಅಡ್ಡಡ್ಡ ಹಾಯ್ದ ಭೂಸೇನೆ ಮತ್ತು ನೌಕಾಸೇನೆಯ ಬಾವುಟಗಳು. ಸೇನಾಧಿಪತಿಗೂ ಅದೇ, ಅಡುಗೆ ಹೊತ್ತವನಿಗೂ ಅದೇ. ಆ ಪದಕ ಯಾರ ಎದೆಯ ಮೇಲಿತ್ತು ಎಂಬುದು ಜೊತೆಗೆ ಬಂದ ಪ್ರಮಾಣಪತ್ರದಲ್ಲಿ ಮಾತ್ರ ಇದೆ. ಕಾಗದ ಕಳೆದುಹೋದರೆ ಆ ಮನುಷ್ಯನೂ ಕಳೆದುಹೋದ ಹಾಗೆಯೇ.

ನನಗೆ ಈ ಹುಚ್ಚು ಹತ್ತಿದ್ದು ಕೆಲಸದ ಮೇಲೆ ಒಸಾಕಾದಲ್ಲಿದ್ದಾಗ. ಪಕ್ಕದ ಕ್ಯೋಟೋದ ತೋಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳ 21ಕ್ಕೆ ದೊಡ್ಡ ಸಂತೆ ಸೇರುತ್ತದೆ, 25ಕ್ಕೆ ಕಿತಾನೊ ತೆನ್‌ಮಾಂಗು ಮಂದಿರದಲ್ಲಿ ಇನ್ನೊಂದು. ಹಳೆಯ ಕಿಮೊನೊ, ಪಿಂಗಾಣಿ, ಉಪ್ಪಿನಕಾಯಿ, ಗಿಡ, ಎಲ್ಲದರ ನಡುವೆ ನಾಣ್ಯ ಮತ್ತು ಕೈಗಡಿಯಾರ ಮಾರುವವರ ತಟ್ಟೆಯಲ್ಲಿ ಪದಕಗಳೂ ಬಿದ್ದಿರುತ್ತವೆ. ಅಲ್ಲಿ ನಾನು ಕಲಿತ ಅತಿ ಉಪಯುಕ್ತ ಪ್ರಶ್ನೆ "ಹಾಕೋ ವಾ ಅರಿಮಾಸ್ ಕಾ?", ಅಂದರೆ ಪೆಟ್ಟಿಗೆ ಇದೆಯೇ? ಅದರ ಹಿಂದೆಯೇ "ಕುನ್‌ಕಿ ವಾ?" ಎಂದು ಕೇಳುತ್ತಿದ್ದೆ. ಕುನ್‌ಕಿ ಎಂದರೆ ಆರ್ಡರ್ ಜೊತೆ, ಅಂದರೆ ದರ್ಜೆ ದರ್ಜೆಯಾಗಿ ಸರ್ಕಾರ ಕೊಡುವ ಗೌರವಪದಕದ ಜೊತೆ, ಕೊಡುವ ಸನ್ನದು. ಈ ಎರಡು ಪ್ರಶ್ನೆ ಕೇಳಿದ ಮೇಲೆ ವ್ಯಾಪಾರಿಗಳು ನಮ್ಮ ಜೊತೆ ಮಾತಾಡುವ ರೀತಿಯೇ ಬದಲಾಗುತ್ತದೆ. ಕೆಲವರು ಮೇಜಿನ ಕೆಳಗಿನ ಡಬ್ಬ ತೆಗೆದು ಮೇಲಿಡುತ್ತಾರೆ.

ಹೊಸಬರು ಜಪಾನ್ ರೆಡ್‌ಕ್ರಾಸ್ ಸದಸ್ಯರ ಪದಕದಿಂದ ಶುರು ಮಾಡುವುದು ಒಳ್ಳೆಯದು. 1888ರಲ್ಲಿ ಹುಟ್ಟಿದ ಈ ಪದಕ ಅಪಾರ ಸಂಖ್ಯೆಯಲ್ಲಿ ಹಂಚಿಹೋಗಿದೆ, ಹಾಗಾಗಿ ಬೆಲೆ ಕಡಿಮೆ. ಹಳೆಯವು ಬೆಳ್ಳಿಯವು, ಆಮೇಲಿನವು ಅಲ್ಯೂಮಿನಿಯಂ. ಕೈಯಲ್ಲಿ ಹಿಡಿದರೆ ತೂಕವೇ ಹೇಳಿಬಿಡುತ್ತದೆ. ಗಂಡಸರದ್ದಕ್ಕೆ ನೇರ ರಿಬ್ಬನ್, ಹೆಂಗಸರದ್ದಕ್ಕೆ ಬೋ ಕಟ್ಟಿದ ರಿಬ್ಬನ್, ವಿಶೇಷ ಸದಸ್ಯರದ್ದಕ್ಕೆ ರಿಬ್ಬನ್ ಮೇಲೆ ಬಟ್ಟೆಯ ಪುಟ್ಟ ಹೂ. ಕಡಿಮೆ ದುಡ್ಡಿನಲ್ಲಿ ಅಕ್ಷರ ಓದುವುದು, ಲೋಹ ಗುರುತಿಸುವುದು, ರಿಬ್ಬನ್ ಮೂಲದ್ದೋ ಬದಲಿಸಿದ್ದೋ ನೋಡುವುದು, ಮೂರೂ ಅಭ್ಯಾಸವಾಗುತ್ತವೆ.

ಆರ್ಡರ್‌ಗಳ ಲೋಕ ಬೇರೆ. ಮೊದಲನೆಯದು 1875ರ ಉದಯಸೂರ್ಯ ಆರ್ಡರ್. ಮರುವರ್ಷ ಸೇವಂತಿಗೆ ಆರ್ಡರ್ ಬಂತು. 1888ರಲ್ಲಿ ಪವಿತ್ರ ನಿಧಿ ಆರ್ಡರ್ ಮತ್ತು ಹೆಂಗಸರಿಗೆಂದೇ ಅಮೂಲ್ಯ ಕಿರೀಟ ಆರ್ಡರ್ ಬಂದವು, 1890ರಲ್ಲಿ ಯೋಧರಿಗೆ ಬಂಗಾರದ ಹದ್ದಿನ ಆರ್ಡರ್. ಉದಯಸೂರ್ಯಕ್ಕೆ ಆಗ ಎಂಟು ದರ್ಜೆಗಳು. 2003ರ ಸುಧಾರಣೆಯಲ್ಲಿ ಏಳು ಮತ್ತು ಎಂಟನೆಯವನ್ನು ಕೈಬಿಟ್ಟರು. ನಮ್ಮ ಸಿ.ಎನ್.ಆರ್. ರಾವ್ ಅವರಿಗೆ 2015ರಲ್ಲಿ ಸಂದಿದ್ದು ಇದೇ ಆರ್ಡರಿನ ಚಿನ್ನ-ಬೆಳ್ಳಿ ನಕ್ಷತ್ರ. ಆದರೆ ನನ್ನಂಥ ಸಂಬಳದಾರನಿಗೆ ನಿಲುಕುವುದು, ಮತ್ತು ನನಗೆ ನಿಜವಾಗಿ ಪ್ರೀತಿಯಿರುವುದು, ರದ್ದಾದ ಆ ಕೊನೆಯ ಎರಡು ದರ್ಜೆಗಳ ಮೇಲೆ. ಅವುಗಳಲ್ಲಿ ಸೂರ್ಯನೇ ಇಲ್ಲ, ಕಿರಿ ಎಂಬ ಜಪಾನಿ ಮರದ ಎಲೆ ಮತ್ತು ಹೂಗೊಂಚಲು ಮಾತ್ರ. ಏಳನೆಯದರ ಎಲೆಗೆ ಹಸಿರು ಎನಾಮೆಲ್, ಎಂಟನೆಯದು ಬರಿ ಬೆಳ್ಳಿ. ಇವು ರೈತರ ಮನೆಯಿಂದ ಹೋದ ಸಾಮಾನ್ಯ ಸೈನಿಕರಿಗೆ ಸಿಕ್ಕ ಆರ್ಡರ್‌ಗಳು.

ನನ್ನಲ್ಲಿರುವ ಎಂಟನೆಯ ದರ್ಜೆಯ ಒಂದು ಸೆಟ್ಟನ್ನು ಬಿಚ್ಚಿ ತೋರಿಸುತ್ತೇನೆ. ಪೆಟ್ಟಿಗೆ ಕಪ್ಪು ಅರಗಿನ ಮೆರುಗಿನದು, ಮುಚ್ಚಳದ ಮೇಲೆ ಬಂಗಾರದ ಬಣ್ಣದಲ್ಲಿ ದರ್ಜೆ ಮತ್ತು ಹೆಸರು. ಒಳಗೆ ಬೆಳ್ಳಿಯ ಕಿರಿ ಎಲೆ, ಕೆಂಪು ಅಂಚಿನ ಬಿಳಿ ರಿಬ್ಬನ್. ರಿಬ್ಬನ್ ಈಗ ಬೆಣ್ಣೆಯ ಬಣ್ಣಕ್ಕೆ ತಿರುಗಿದೆ. ಹಿಂಬದಿಯಲ್ಲಿ "ಕುನ್ ಕೋ ಸೇ ಶೋ" ಎಂಬ ನಾಲ್ಕು ಅಕ್ಷರ, ಅಂದರೆ ಸಾಧನೆಗೆ ಸಂದ ಪದಕ. ಭೂತಗನ್ನಡಿ ಹಿಡಿದರೆ ಅಕ್ಷರದ ಅಂಚುಗಳು ಚೂಪಾಗಿರಬೇಕು, ತಳ ಸಮನಾಗಿರಬೇಕು. ಅಚ್ಚೆತ್ತಿ ಎರಕ ಹೊಯ್ದ ನಕಲಿನಲ್ಲಿ ಅದೇ ಅಕ್ಷರ ಊದಿಕೊಂಡಂತಿರುತ್ತದೆ, ತಳದಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ.

ಆಮೇಲೆ ಕುನ್‌ಕಿ. ದಪ್ಪ ಕಾಗದದ ಮೇಲೆ, ಹಸ್ತದಷ್ಟು ಅಗಲದ ಚೌಕಾಕಾರದ ಕೆಂಪು ಮುದ್ರೆ. ಅದು ಜಪಾನಿನ ರಾಜ್ಯಮುದ್ರೆ. 1874ರಲ್ಲಿ ಬಂಗಾರದಲ್ಲಿ ಮಾಡಿದ್ದು, ಪ್ರತಿ ಬದಿ ಸುಮಾರು 9 ಸೆಂಟಿಮೀಟರ್. ಬಲದಿಂದ ಎಡಕ್ಕೆ, ಮೇಲಿನಿಂದ ಕೆಳಕ್ಕೆ ಓದುತ್ತಾ ಹೋದರೆ ಸೈನಿಕನ ಹುದ್ದೆ, ಹೆಸರು, ಕೊಟ್ಟ ದರ್ಜೆ ಸಿಗುತ್ತವೆ. ಹೆಸರನ್ನು ಕುಂಚದಲ್ಲಿ ಬರೆದಿದ್ದರೂ ಸಾಲುಸಾಲಾಗಿ ಬಿಡಿಸಿ ಬರೆದಿರುವುದರಿಂದ ನಿಘಂಟು ಹಿಡಿದು ಓದಬಹುದು. ತಾರೀಕು ಎರಡು ಲೆಕ್ಕದಲ್ಲಿರುತ್ತದೆ. ಒಂದು ಜಪಾನಿನ ಮೊದಲ ಚಕ್ರವರ್ತಿ ಎನ್ನಲಾಗುವ ಜಿಮ್ಮು ಪಟ್ಟಕ್ಕೆ ಬಂದನೆಂದು ಹೇಳುವ ವರ್ಷದಿಂದ ಎಣಿಸಿದ ಶಕೆ, ಅದರಲ್ಲಿ 660 ಕಳೆದರೆ ನಮ್ಮ ಇಸವಿ. ಇನ್ನೊಂದು ಆಗಿನ ಮೇಜಿ ಚಕ್ರವರ್ತಿಯ ಆಳ್ವಿಕೆಯ ವರ್ಷ, ಅದಕ್ಕೆ 1867 ಕೂಡಿಸಬೇಕು. ನನ್ನ ಕಾಗದದಲ್ಲಿ 2566 ಮತ್ತು ಮೇಜಿ 39 ಎಂದಿದೆ. ಎರಡೂ 1906ಕ್ಕೆ ಬಂದು ನಿಲ್ಲುತ್ತವೆ. ಹೀಗೆ ತಾಳೆಯಾಗದ ಕಾಗದವನ್ನು ನಾನು ಮುಟ್ಟುವುದಿಲ್ಲ. ರಷ್ಯಾ ಯುದ್ಧದ ಕಾಗದಗಳಲ್ಲಿ 1906ರ ಏಪ್ರಿಲ್ 1 ಎಂಬ ತಾರೀಕು ಮತ್ತೆ ಮತ್ತೆ ಕಾಣುತ್ತದೆ. ಅದು ಯಾವುದೋ ಕಾಳಗದ ದಿನವಲ್ಲ, ಯುದ್ಧ ಮುಗಿದ ಮೇಲೆ ಒಟ್ಟಿಗೆ ಗೌರವ ಪ್ರಕಟಿಸಿದ ದಿನ. ಎಡತುದಿಯಲ್ಲಿ ಪದಕಗಳ ಇಲಾಖೆಯಾದ ಶೋಕುನ್‌ಕ್ಯೊಕುವಿನ ಅಧಿಕಾರಿ ಬರೆದ ಸಾಲು: ಇದನ್ನು ಪರಿಶೀಲಿಸಿ ಇಂಥ ನಂಬರಿನಲ್ಲಿ ದಫ್ತರಕ್ಕೆ ಏರಿಸಲಾಗಿದೆ. ಲೋಹದ ಮೇಲೆ ಇಲ್ಲದ ನಂಬರು ಇಲ್ಲಿದೆ. ಆ ಸಾಲನ್ನು ಮೊದಲ ಸಲ ಪೂರ್ತಿ ಓದಿದಾಗ ನನಗಾದ ಸಂತೋಷ ಯಾವ ಬಂಗಾರದ ನಕ್ಷತ್ರ ಕೊಂಡರೂ ಆಗುತ್ತಿರಲಿಲ್ಲ.

ಇಲ್ಲಿ ಒಂದು ವಿಷಯದಲ್ಲಿ ನಾನು ಹಟಮಾರಿ. ಪದಕ ಒಂದು ಅಂಗಡಿಯಲ್ಲಿ, ಕಾಗದ ಇನ್ನೊಂದು ಕಡೆ ಹಳೆಯ ದಾಖಲೆಗಳ ಕಟ್ಟಿನಲ್ಲಿ ಸಿಗುವುದು ಸಾಮಾನ್ಯ. ಎರಡನ್ನೂ ಕೊಂಡು ಜೋಡಿಸಿ ಒಂದೇ ಸೆಟ್ಟೆಂದು ಮಾರುವವರಿದ್ದಾರೆ. ನಾನು ಬಿಡಿಯಾಗಿ ಕೊಂಡದ್ದನ್ನು ಬಿಡಿಯಾಗಿಯೇ ಇಡುತ್ತೇನೆ, ಪುಸ್ತಕದಲ್ಲೂ ಹಾಗೆಯೇ ಬರೆಯುತ್ತೇನೆ. ಒಬ್ಬ ಸೈನಿಕನ ಹೆಸರನ್ನು ಇನ್ನೊಬ್ಬನ ಪದಕಕ್ಕೆ ಅಂಟಿಸುವುದು ಸಂಗ್ರಹವಲ್ಲ, ಸುಳ್ಳು. ಒಂದೇ ಮನೆಯಿಂದ ಬಂದ ಸೆಟ್ಟಿಗೆ ಹೆಚ್ಚು ದುಡ್ಡು ಕೊಡಲು ನಾನು ಯಾವತ್ತೂ ಹಿಂಜರಿದಿಲ್ಲ.

ಎನಾಮೆಲ್ ಇರುವ ಆರ್ಡರ್ ಕೊಳ್ಳುವಾಗ ಬೆಳಕನ್ನು ಓರೆಯಾಗಿ ಬಿಡಿ. ಕುಲುಮೆಯಲ್ಲಿ ಕಾಯಿಸಿದ ಎನಾಮೆಲ್ ಗಾಜಿನಂತೆ ಒಂದೇ ಹಾಳೆಯಾಗಿ ಹೊಳೆಯುತ್ತದೆ. ಆಮೇಲೆ ಅಂಟು ತುಂಬಿ ತೇಪೆ ಹಾಕಿದ ಜಾಗ ಮಂಕಾಗಿ, ಸುತ್ತ ಸಣ್ಣ ಗೆರೆ ಕಾಣುತ್ತದೆ. ಉದಯಸೂರ್ಯದ ಬಿಳಿ ಕಿರಣಗಳ ತುದಿಗಳು ಮೊದಲು ಒಡೆಯುವ ಜಾಗ. ಪವಿತ್ರ ನಿಧಿಯಲ್ಲಾದರೆ ನಡುವಿನ ನೀಲಿ ವೃತ್ತ ಮತ್ತು ಅದರ ಸುತ್ತಲಿನ ಕೆಂಪು ಮಣಿಗಳನ್ನು ಒಂದೊಂದಾಗಿ ನೋಡಬೇಕು. ಇದೆಲ್ಲ ಕಣ್ಣಿಗೆ ಕೂರಬೇಕಾದರೆ ಒಸಾಕಾದ ಟಂಕಸಾಲೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ. 1871ರಲ್ಲಿ ತೆರೆದ ಆ ಟಂಕಸಾಲೆ ಇವತ್ತಿಗೂ ಆರ್ಡರ್‌ಗಳನ್ನು ತಯಾರಿಸುತ್ತದೆ. ಅಸಲಿ ವಸ್ತುವನ್ನು ಗಾಜಿನ ಹಿಂದೆ ನಿಧಾನವಾಗಿ ನೋಡಿದವರಿಗೆ ಸಂತೆಯ ನಕಲು ತಾನೇ ಕಣ್ಣಿಗೆ ಚುಚ್ಚುತ್ತದೆ.

ಬಂಗಾರದ ಹದ್ದು ಮತ್ತು 1944ರ ಮಹಾ ಪೂರ್ವ ಏಷ್ಯಾ ಯುದ್ಧದ (ಎರಡನೆಯ ಮಹಾಯುದ್ಧಕ್ಕೆ ಆಗ ಜಪಾನ್ ಇಟ್ಟ ಹೆಸರು) ಪದಕ, ಇವೆರಡರಿಂದ ಹೊಸಬರು ದೂರ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲನೆಯದು 1947ರಲ್ಲಿ ರದ್ದಾಯಿತು, ಎರಡನೆಯದರ ಬಹುಪಾಲು ಸೋಲಿನ ನಂತರ ನಾಶವಾಯಿತು. ಅಪರೂಪಕ್ಕೆ ಬೆಲೆ, ಬೆಲೆ ಇದ್ದಲ್ಲಿ ನಕಲು. 1937ರಲ್ಲಿ ಶುರುವಾದ ಚೀನಾ ಯುದ್ಧದ ಪದಕ ಮಾತ್ರ ರಾಶಿರಾಶಿ ಸಿಗುತ್ತದೆ, ಮುಖದ ಮೇಲೆ ಪುರಾಣದ ಕಾಗೆ ಯಾತಗರಾಸು. ಅದರದ್ದೊಂದು ನನ್ನಲ್ಲಿದೆ. ಆದರೆ ಅದನ್ನು ಚೆಂದದ ಚೌಕಟ್ಟಿನಲ್ಲಿ ಗೋಡೆಗೆ ಹಾಕುವ ಮನಸ್ಸು ನನಗಿಲ್ಲ. ಆ ಯುದ್ಧದಲ್ಲಿ ಚೀನಾದ ಊರುಗಳಿಗೆ ಏನಾಯಿತೆಂದು ಓದಿದವರು ಅದನ್ನು ಅಲಂಕಾರಕ್ಕೆ ಇಡಲಾರರು. ದಾಖಲೆಯಾಗಿ, ಪಕ್ಕದಲ್ಲಿ ಟಿಪ್ಪಣಿಯೊಂದಿಗೆ, ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಬೆಂಗಳೂರಿಗೆ ತಂದ ಮೇಲೆ ದೊಡ್ಡ ಕೆಲಸ ಕಾಪಾಡುವುದು. ಬೆಳ್ಳಿಯನ್ನು ಪಾಲಿಶ್ ಮಾಡಲೇಬೇಡಿ. ನೂರು ವರ್ಷದ ಮಬ್ಬು ಅದರ ಚರ್ಮ, ಉಜ್ಜಿದರೆ ಅಕ್ಷರದ ಅಂಚೂ ಹೋಗುತ್ತದೆ. ಪಿವಿಸಿ ಪ್ಲಾಸ್ಟಿಕ್ ಕವರು ಬೇಡ, ವರ್ಷ ಕಳೆದಂತೆ ಲೋಹದ ಮೇಲೆ ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಕಾಗದವನ್ನು ಮಡಿಸದೆ, ಆಮ್ಲವಿಲ್ಲದ ಹಾಳೆಗಳ ನಡುವೆ ಚಪ್ಪಟೆಯಾಗಿ ಇಡಬೇಕು. ಲ್ಯಾಮಿನೇಷನ್ ಮಾಡಿಸುವ ಯೋಚನೆಯೂ ಬೇಡ. ರೇಷ್ಮೆ ರಿಬ್ಬನ್ನಿಗೆ ಬಿಸಿಲೂ ಶತ್ರು, ತೇವವೂ ಶತ್ರು. ಮರದ ಪೆಟ್ಟಿಗೆಗಳಿಗೆ ಜೂನ್‌ನಿಂದ ಬೂಷ್ಟು ಹಿಡಿಯುವ ಭಯ, ಹಾಗಾಗಿ ಮಳೆಗಾಲಕ್ಕೆ ಮುಂಚೆ ಎಲ್ಲವನ್ನೂ ತೆಗೆದು, ಒಣಗಿದ ಬ್ರಷ್ಷಿನಿಂದ ಧೂಳು ಹೊಡೆದು, ಡಬ್ಬದಲ್ಲಿ ಹೊಸ ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತೇನೆ. ಪ್ರತಿ ಪದಕದ ಜೊತೆ ಒಂದು ಚೀಟಿ: ಎಲ್ಲಿ ಕೊಂಡೆ, ಜೊತೆಗೆ ಏನಿತ್ತು, ಕಾಗದದಲ್ಲಿ ಯಾರ ಹೆಸರಿದೆ, ದಫ್ತರದ ನಂಬರೆಷ್ಟು. ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ, ಶಾಯಿ ತೇವಕ್ಕೆ ಹರಡಿ ಕುನ್‌ಕಿಗೂ ಇಳಿದೀತು.