ಗ್ರೀನ್ ಸುತ್ತಲಿನ 50 ಗಜ: ನನ್ನ ಅನುಭವ

ಗಾಲ್ಫ್ ಸ್ಕೋರ್ ಕಾರ್ಡ್ ಎಷ್ಟು ಹೊಡೆತ ಎಂದು ಹೇಳುತ್ತದೆ, ಎಲ್ಲಿ ಹೊಡೆದದ್ದು ಎಂದು ಹೇಳುವುದಿಲ್ಲ. ಪಾರ್ 4ರ, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಯಬೇಕಾದ, ಹೋಲ್‌ನಲ್ಲಿ ಬರೆದ 6ರ ಹಿಂದೆ ಮರಗಳ ನಡುವೆ ಮಾಯವಾದ ಡ್ರೈವ್ (ಮೊದಲ ಉದ್ದ ಹೊಡೆತ) ಇರಬಹುದು. ಎರಡೇ ಹೊಡೆತದಲ್ಲಿ ಗ್ರೀನ್‌ನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗದ) ಅಂಚಿಗೆ ಬಂದು, ಅಲ್ಲಿಂದ ನಾಲ್ಕು ಹೊಡೆತ ಸುರಿದದ್ದೂ ಇರಬಹುದು. ನನ್ನ ಸ್ಕೋರ್ ತೊಂಬತ್ತರ ಆಸುಪಾಸಿನಲ್ಲೇ ಗಿರಕಿ ಹೊಡೆಯುತ್ತಿತ್ತು. ಅದನ್ನು ಇಳಿಸಬೇಕೆಂದು ಹೊರಟಾಗ ಮೊದಲು ಮಾಡಿದ ಕೆಲಸವೆಂದರೆ ಕಾರ್ಡಿನ ಪಕ್ಕದಲ್ಲಿ ಇನ್ನೆರಡು ಅಂಕಣ ಎಳೆದುಕೊಂಡದ್ದು. ಒಂದರಲ್ಲಿ ಪಟ್‌ಗಳ, ಅಂದರೆ ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತಗಳ, ಸಂಖ್ಯೆ. ಇನ್ನೊಂದರಲ್ಲಿ, ಚೆಂಡು ಗ್ರೀನ್‌ನಿಂದ 50 ಗಜದೊಳಗೆ ಬಂದ ಮೇಲೆ ಅದನ್ನು ಕುಳಿಗೆ ಬೀಳಿಸಲು ತಗುಲಿದ ಒಟ್ಟು ಹೊಡೆತ.

ಪಾರ್ ಲೆಕ್ಕದಲ್ಲೇ ಪ್ರತಿ ಗ್ರೀನ್‌ಗೆ ಎರಡು ಪಟ್ ಎಂದು ಇಟ್ಟಿರುತ್ತಾರೆ. ಅಂದರೆ 18 ಹೋಲ್‌ಗಳ, ಪಾರ್ 72ರ ಮೈದಾನದಲ್ಲಿ 36 ಹೊಡೆತ, ಸರಿಯಾಗಿ ಅರ್ಧ, ಪಟ್ ಹೊಡೆಯುವ ಕ್ಲಬ್ (ಕೋಲು) ಆದ ಪಟರ್‌ನದು. ಕೆಲವು ಸುತ್ತುಗಳ ಅಂಕಣಗಳನ್ನು ಮುಂದಿಟ್ಟುಕೊಂಡು ಕುಳಿತಾಗ ಎರಡು ಸೋರಿಕೆ ಕಂಡವು. ಒಂದು, ದೂರದ ಪಟ್ ಆದ ಮೇಲಿನ ಮೂರನೆಯ ಪಟ್. ಇನ್ನೊಂದು, ಗ್ರೀನ್‌ನ ಹೊರಗಿನಿಂದ ಹೊಡೆದು ಗ್ರೀನ್‌ನ ಹೊರಗೇ ಉಳಿದ ಚಿಪ್ ಎಂಬ ಗಿಡ್ಡ ಹೊಡೆತ. ಬಂಕರ್ (ಮರಳಿನ ಗುಂಡಿ) ನನ್ನ ದೊಡ್ಡ ಶತ್ರು ಎಂದು ಮನಸ್ಸು ಹೇಳುತ್ತಿತ್ತು, ಕಾಗದ ಹಾಗೆ ಹೇಳಲಿಲ್ಲ. ಬಂಕರ್‌ಗೆ ನಾನು ಬೀಳುತ್ತಿದ್ದುದೇ ಅಪರೂಪ. ಬಿದ್ದಾಗ ಆಗುವ ಅವಮಾನ ಮಾತ್ರ ಬಹಳ ದಿನ ನೆನಪಿರುತ್ತದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಶಾರ್ಟ್ ಗೇಮ್, ಅಂದರೆ ಗ್ರೀನ್ ಸುತ್ತಲಿನ ಈ ಆಟ, ಎಲ್ಲಕ್ಕೂ ಮದ್ದು ಎಂದು ನಾನು ನಂಬಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಲೆಕ್ಕ ಹಾಕಿ ತೋರಿಸಿರುವಂತೆ, ಚೆನ್ನಾಗಿ ಆಡುವವರಿಗೂ ಉಳಿದವರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಮೂರನೆಯ ಎರಡು ಪಾಲು 100 ಗಜದಾಚೆಯ ಹೊಡೆತಗಳಿಂದ ಬರುತ್ತದೆ. ಪ್ರತಿ ಹೊಡೆತವನ್ನು ಸರಾಸರಿಯೊಂದಿಗೆ ಹೋಲಿಸುವ ಅವರ 'ಸ್ಟ್ರೋಕ್ಸ್ ಗೇನ್ಡ್' ವಿಧಾನವನ್ನೇ ಅಮೆರಿಕದ ವೃತ್ತಿಪರರ ಪಂದ್ಯಮಾಲೆಯಾದ ಪಿಜಿಎ ಟೂರ್ 2011ರಿಂದ ಪಟಿಂಗ್ ಅಳೆಯಲು ಬಳಸತೊಡಗಿತು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಕಚೇರಿ ಮುಗಿಸಿ ಸಂಜೆ ಅರ್ಧ ಗಂಟೆ ಮಾತ್ರ ಸಿಗುವವನು ಆ ಅರ್ಧ ಗಂಟೆಯಲ್ಲಿ ಏನನ್ನು ಬದಲಿಸಬಲ್ಲ ಎಂಬುದು ಬೇರೆಯೇ ಪ್ರಶ್ನೆ. ಡ್ರೈವ್‌ಗೆ 30 ಗಜ ಕೂಡಿಸಲು ನನ್ನ ಬೆನ್ನು, ಸೊಂಟ, ವಯಸ್ಸು ಎಲ್ಲವೂ ಒಪ್ಪಬೇಕು. ಮೂರು ಪಟ್‌ಗಳನ್ನು ಎರಡಕ್ಕೆ ತರಲು ಇವುಗಳಲ್ಲಿ ಯಾವುದರ ಅನುಮತಿಯೂ ಬೇಡ.

ಮೊದಲು ಪಟಿಂಗ್ ಹಿಡಿದೆ. ಅದಕ್ಕೂ ಮುಂಚೆ ಕಾಗದದ ಮೇಲೆ ಒಂದು ಸಣ್ಣ ಲೆಕ್ಕ ಮಾಡಿದೆ. 40 ಅಡಿಯ ಪಟ್‌ನಲ್ಲಿ ದಿಕ್ಕು 2 ಡಿಗ್ರಿ ತಪ್ಪಿತು ಎಂದುಕೊಳ್ಳಿ, ಚೆಂಡು ಕುಳಿಯ ಪಕ್ಕಕ್ಕೆ ಒಂದೂವರೆ ಅಡಿಯೊಳಗೇ ನಿಲ್ಲುತ್ತದೆ. ಅದೇ ಪಟ್‌ನಲ್ಲಿ ದೂರದ ಅಂದಾಜು ನೂರಕ್ಕೆ ಹತ್ತರಷ್ಟು ತಪ್ಪಿದರೆ 4 ಅಡಿ ಉಳಿಯುತ್ತದೆ. 4 ಅಡಿಯಿಂದ ಲೆಕ್ಕ ತಿರುವುಮುರುವು. ಅಲ್ಲಿ ದೂರ ನೂರಕ್ಕೆ ಹತ್ತು ತಪ್ಪಿದರೆ 5 ಅಂಗುಲ, ಅದು ಚಿಂತಿಸುವಷ್ಟು ದೊಡ್ಡದಲ್ಲ. ದಿಕ್ಕು ಎರಡೂವರೆ ಡಿಗ್ರಿ ತಪ್ಪಿದರೆ ಚೆಂಡಿನ ನಡುಭಾಗ ಕುಳಿಯ ಅಂಚಿಗೇ ಬಂದು ನಿಲ್ಲುತ್ತದೆ. ಕುಳಿಯ ವ್ಯಾಸ ಇರುವುದು ಬರೀ 108 ಮಿಲಿಮೀಟರ್. ಹೀಗಾಗಿ ದೂರದ ಪಟ್ ಮತ್ತು ಹತ್ತಿರದ ಪಟ್ ಎರಡನ್ನೂ ಎರಡು ಬೇರೆ ಕೌಶಲಗಳೆಂದೇ ಅಭ್ಯಾಸ ಮಾಡಿದೆ. ಒಂದರಲ್ಲಿ ಬಲ, ಇನ್ನೊಂದರಲ್ಲಿ ದಿಕ್ಕು. ನಡುವಿನ 10, 15 ಅಡಿಯ ಪಟ್‌ಗಳನ್ನು ಅಭ್ಯಾಸದಿಂದ ಬಿಟ್ಟೇಬಿಟ್ಟೆ. ಹೆಚ್ಚಿನವರು ಅಭ್ಯಾಸ ಗ್ರೀನ್‌ಗೆ ಬಂದ ಕೂಡಲೇ ಮೂರು ಚೆಂಡು ಸುರಿದು ಹೊಡೆಯುವುದು ಈ ದೂರದಿಂದಲೇ. ಪಿಜಿಎ ಟೂರ್‌ನ ವೃತ್ತಿಪರರೇ ಸುಮಾರು 8 ಅಡಿಯಿಂದ ಅರ್ಧದಷ್ಟು ಪಟ್‌ಗಳನ್ನು ಮಾತ್ರ ಹಾಕುತ್ತಾರೆ. 15 ಅಡಿಯಲ್ಲಿ ನನ್ನ ಪಾಲಿಗೆ ಎಷ್ಟು ಉಳಿದೀತು!

ದೂರದ ಪಟ್‌ಗೆ ಕುಳಿಯೇ ಬೇಡ. ಗ್ರೀನ್‌ನ ಒಂದು ತುದಿಯಲ್ಲಿ ನಿಂತು ಎದುರಿನ ಅಂಚನ್ನು, ಅಂದರೆ ಹುಲ್ಲು ಉದ್ದವಾಗುವ ಗೆರೆಯನ್ನು, ಗುರಿಯಾಗಿ ಇಟ್ಟುಕೊಳ್ಳುತ್ತೇನೆ. ಚೆಂಡು ಗೆರೆ ದಾಟಬಾರದು, ಅದಕ್ಕಿಂತ 3 ಅಡಿಗೂ ಹೆಚ್ಚು ಹಿಂದೆ ನಿಲ್ಲಲೂ ಬಾರದು. ಒಂದು ಚೆಂಡಾದ ಮೇಲೆ ನಾಲ್ಕಾರು ಹೆಜ್ಜೆ ಸರಿದು ಬೇರೆ ದೂರದಿಂದ ಇನ್ನೊಂದು. ಒಂದೇ ಜಾಗದಿಂದ ಎರಡು ಸಲ ಹೊಡೆಯುವುದಿಲ್ಲ. ಕುಳಿ ಕಣ್ಣೆದುರು ಇದ್ದರೆ ಮನಸ್ಸು ದಿಕ್ಕಿನ ಹಿಂದೆ ಓಡುತ್ತದೆ, ಬಲವನ್ನು ಮರೆಯುತ್ತದೆ. ಪೂರ್ವಾಭ್ಯಾಸದ ಬೀಸುಗಳನ್ನು ಚೆಂಡಿನ ಕಡೆಗಲ್ಲ, ಗುರಿಯ ಕಡೆಗೆ ನೋಡುತ್ತಲೇ ಮಾಡುತ್ತೇನೆ. ಕೈಯಿಂದ ಏನನ್ನಾದರೂ ಎಸೆಯುವಾಗ ನಾವು ಕೈಯನ್ನು ನೋಡುವುದಿಲ್ಲವಲ್ಲ. ಮೈದಾನದಲ್ಲಿ ಪಟ್‌ಗೂ ಮುಂಚೆ ಚೆಂಡಿನಿಂದ ಕುಳಿಯವರೆಗೆ ಹೆಜ್ಜೆ ಎಣಿಸುವ ರೂಢಿಯೂ ಆಗ ಬಂತು. ಎಣಿಸಿದ ಸಂಖ್ಯೆಗಿಂತ ನಡೆಯುವಾಗ ಪಾದಕ್ಕೆ ತಿಳಿಯುವ ಏರಿಳಿತವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹತ್ತಿರದ ಪಟ್‌ಗೆ ಎರಡು ಟೀಗಳನ್ನು (ಚೆಂಡು ಇಡುವ ಸಣ್ಣ ಗೂಟಗಳನ್ನು) ಪಟರ್‌ನ ತಲೆ ಹಾದುಹೋಗುವಷ್ಟೇ ಅಗಲಕ್ಕೆ ನೆಟ್ಟೆ. ಚೆಂಡಿನ ಮುಂದೆ ಒಂದು ಅಡಿ ದೂರದಲ್ಲಿ, ಚೆಂಡಿಗಿಂತ ಸ್ವಲ್ಪವೇ ಅಗಲವಾಗಿ, ಇನ್ನೆರಡು ಟೀ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ತೀರ್ಮಾನಿಸುವುದು ತಗುಲುವ ಕ್ಷಣದಲ್ಲಿ ಪಟರ್ ಮುಖ ಎತ್ತ ನೋಡುತ್ತಿದೆ ಎಂಬುದು. ಬೀಸು ನೇರವೋ ಬಾಗಿದೆಯೋ ಎಂಬುದರ ಪಾತ್ರ ಅದಕ್ಕಿಂತ ಬಹಳ ಚಿಕ್ಕದು. ಮುಂದಿನ ಟೀಗೆ ಚೆಂಡು ತಗುಲಿದರೆ ಮುಖ ತಿರುಗಿದೆ ಎಂದೇ ಅರ್ಥ, ವಾದಕ್ಕೆ ಎಡೆಯಿಲ್ಲ. ದೂರ 3ರಿಂದ 5 ಅಡಿ, ಅದಕ್ಕಿಂತ ಹೆಚ್ಚಿಲ್ಲ. ಬೇಸರದ ಅಭ್ಯಾಸ. ಹತ್ತು ನಿಮಿಷಕ್ಕಿಂತ ಹೆಚ್ಚು ಮಾಡಿದರೆ ಕೈ ಮಾಡುತ್ತಿರುತ್ತದೆ, ತಲೆ ಬೇರೆಲ್ಲೋ ಇರುತ್ತದೆ. ಅದಕ್ಕೇ ಹತ್ತು ನಿಮಿಷಕ್ಕೆ ನಿಲ್ಲಿಸುತ್ತಿದ್ದೆ.

ಇನ್ನು ಚಿಪ್. ಇದರಲ್ಲಿ ನನಗೆ ದಾರಿ ತೋರಿಸಿದ್ದು ಪಾಲ್ ರನ್ಯಾನ್ ಎಂಬ ಹಳೆಯ ಕಾಲದ ಆಟಗಾರನ ವಿಧಾನ. ಗಿಡ್ಡ ಮೈಕಟ್ಟಿನ ರನ್ಯಾನ್‌ಗೆ ಜೊತೆಯವರು ಇಟ್ಟ ಹೆಸರು 'ಲಿಟಲ್ ಪಾಯ್ಸನ್'. 1938ರ ಪಿಜಿಎ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಎದುರಾಳಿ ಸ್ಯಾಮ್ ಸ್ನೀಡ್, ಆ ಕಾಲದ ಅತಿ ಉದ್ದ ಹೊಡೆಯುವವರಲ್ಲಿ ಒಬ್ಬರು. ಡ್ರೈವ್‌ನಲ್ಲಿ ಬಹಳ ಹಿಂದೆ ಬೀಳುತ್ತಿದ್ದ ರನ್ಯಾನ್ ಪಂದ್ಯವನ್ನು 8 ಮತ್ತು 7ರಿಂದ ಗೆದ್ದರು. ಇನ್ನೂ 7 ಹೋಲ್ ಬಾಕಿ ಇರುವಾಗ 8 ಹೋಲ್ ಮುಂದೆ! ಅವರು ಕಲಿಸುತ್ತಿದ್ದ ಚಿಪ್ ಹೆಚ್ಚುಕಡಿಮೆ ಪಟ್ ಇದ್ದ ಹಾಗೆಯೇ. ಪಟರ್ ಹಿಡಿತ, ಮಣಿಕಟ್ಟು ಅಲುಗದ ಬೀಸು, ಕೈಯಲ್ಲಿ ಮಾತ್ರ ಪಟರ್ ಬದಲು ಐರನ್, ಅಂದರೆ ಚೆಂಡನ್ನು ಮೇಲಕ್ಕೆತ್ತುವ ಓರೆ ಮುಖದ ಕ್ಲಬ್.

ನಾನು ಅದನ್ನೇ ಹಿಡಿದೆ. ಬೀಸು ಒಂದೇ, ಕ್ಲಬ್ ಮಾತ್ರ ಬದಲು. ತೂಕ ಮುಂದಿನ ಕಾಲಿನ ಮೇಲೆ, ಹೊಡೆದು ಮುಗಿಯುವವರೆಗೂ ಅಲ್ಲೇ. ಗ್ರೀನ್‌ನ ಅಂಚಿನಿಂದ ಒಂದು ಗಜ ಒಳಗೆ ಕೈವಸ್ತ್ರ ಹಾಸಿ, ಚೆಂಡನ್ನು ಅದರ ಮೇಲೆ ಇಳಿಸುವುದಷ್ಟೇ ಕೆಲಸ. ಆಮೇಲೆ ಎಷ್ಟು ಉರುಳುತ್ತದೆ ಎಂಬುದನ್ನು ಕ್ಲಬ್‌ನ ಲಾಫ್ಟ್, ಅಂದರೆ ಮುಖದ ಓರೆ, ನೋಡಿಕೊಳ್ಳುತ್ತದೆ. ನನ್ನ ಕೈಯಲ್ಲಿ ಸಮತಟ್ಟಾದ, ಸಾಧಾರಣ ವೇಗದ ಗ್ರೀನ್ ಮೇಲೆ, ಮುಖ ಹೆಚ್ಚು ಓರೆಯಾಗಿರುವ ಸ್ಯಾಂಡ್ ವೆಡ್ಜ್‌ನ ಚೆಂಡು ಗಾಳಿಯಲ್ಲಿ ಒಂದು ಪಾಲು ಹಾರಿದರೆ ನೆಲದಲ್ಲಿ ಒಂದು ಪಾಲು ಉರುಳುತ್ತದೆ. ಪಿಚಿಂಗ್ ವೆಡ್ಜ್‌ನಲ್ಲಿ ಎರಡು ಪಾಲು, 9 ಐರನ್‌ನಲ್ಲಿ ಮೂರು, 7 ಐರನ್‌ನಲ್ಲಿ ಸುಮಾರು ಐದು. ಗ್ರೀನ್ ಇಳಿಜಾರಾಗಿದ್ದರೆ, ಒದ್ದೆಯಾಗಿದ್ದರೆ ಈ ಲೆಕ್ಕ ಬದಲಾಗುತ್ತದೆ. ಆದರೆ ಬದಲಿಸಲು ಕೈಯಲ್ಲಿ ಒಂದು ಲೆಕ್ಕವಿರುವುದೇ ದೊಡ್ಡ ಸೌಕರ್ಯ. ನಿಮ್ಮ ಅನುಪಾತ ನನ್ನದಕ್ಕಿಂತ ಬೇರೆ ಇರಬಹುದು, ಅಳೆದು ನೋಡಿಕೊಳ್ಳಿ.

60 ಡಿಗ್ರಿಯ ಲಾಬ್ ವೆಡ್ಜ್ ಅನ್ನು ಬ್ಯಾಗಿನಿಂದ ತೆಗೆದಿಟ್ಟೆ. ನಿಯಮದ ಪ್ರಕಾರ 14 ಕ್ಲಬ್‌ಗಳಿಗೆ ಅವಕಾಶವಿದೆ, ಹದಿನಾಲ್ಕನ್ನೂ ಹೊರಲೇಬೇಕೆಂದೇನೂ ಇಲ್ಲ. ಚೆಂಡನ್ನು ಆಕಾಶಕ್ಕೆ ಎತ್ತಿ ಮೆತ್ತಗೆ ಇಳಿಸುವ ಹೊಡೆತ ನೋಡಲು ಬಲು ಚೆಂದ. ಅದಕ್ಕೆ ಬೇಕಾದಷ್ಟು ಅಭ್ಯಾಸ ಮಾಡುವ ಪುರುಸೊತ್ತು ನನಗಿಲ್ಲ. ಅರೆಬರೆ ಅಭ್ಯಾಸದಿಂದ ಹೊಡೆದರೆ ಚೆಂಡು ಒಂದೋ ಕಾಲ ಬುಡದಲ್ಲೇ ಬೀಳುತ್ತದೆ, ಇಲ್ಲವೇ ಗ್ರೀನ್ ದಾಟಿ ಆಚೆ ಹೋಗುತ್ತದೆ.

ಬಂಕರ್‌ಗೆ ಕೊಟ್ಟ ಸಮಯ ಕಡಿಮೆ. ಸ್ಯಾಂಡ್ ವೆಡ್ಜ್‌ನ ತಳ ಅಗಲವಾಗಿ, ಕೆಳಕ್ಕೆ ಉಬ್ಬಿಕೊಂಡಿರುವುದು ಮರಳಿನಲ್ಲಿ ಹೂತುಹೋಗದೆ ಜಾರಿಕೊಂಡು ಸಾಗಲೆಂದೇ. ಆ ಆಕಾರವನ್ನು ರೂಢಿಗೆ ತಂದದ್ದು ಅಮೆರಿಕದ ಆಟಗಾರ ಜೀನ್ ಸಾರಜೆನ್. 1932ರ ಬ್ರಿಟಿಷ್ ಓಪನ್ ಗೆದ್ದಾಗ ಅವರ ಬ್ಯಾಗಿನಲ್ಲಿ ಅದಿತ್ತು. ಹಾಗಾಗಿ ಮುಖವನ್ನು ಸ್ವಲ್ಪ ತೆರೆದಿಟ್ಟು ಆ ತಳಕ್ಕೆ ಅದರ ಕೆಲಸ ಮಾಡಲು ಬಿಟ್ಟರೆ ಸಾಕು. ಅಭ್ಯಾಸ ಬಂಕರ್‌ನಲ್ಲಿ ಮರಳ ಮೇಲೆ ಉದ್ದಕ್ಕೆ ಗೆರೆ ಎಳೆದು, ಚೆಂಡೇ ಇಲ್ಲದೆ, ಮರಳು ಪ್ರತಿಸಲವೂ ಗೆರೆಯಲ್ಲೇ ಏಳುತ್ತದೆಯೇ ಎಂದು ನೋಡುತ್ತಾ ಸಾಗಿದೆ. ಆಮೇಲೆ ಗೆರೆಯ ಎರಡು ಅಂಗುಲ ಮುಂದೆ ಚೆಂಡುಗಳನ್ನಿಟ್ಟೆ. ಗುರಿ ಕುಳಿಯಲ್ಲ, ಒಂದೇ ಹೊಡೆತದಲ್ಲಿ ಹೊರಗೆ ಬರುವುದು. ಆಟದಲ್ಲಿ ಮಾತ್ರ ಪೂರ್ವಾಭ್ಯಾಸದ ಬೀಸಿನಲ್ಲಾಗಲಿ, ಚೆಂಡಿನ ಹಿಂದೆ ಕ್ಲಬ್ ಇಡುವಾಗಲಾಗಲಿ ಮರಳನ್ನು ಮುಟ್ಟುವಂತಿಲ್ಲ. 2019ರ ನಿಯಮಗಳು ಬಂಕರ್‌ನಲ್ಲಿ ಬಿದ್ದ ಎಲೆ, ಕಲ್ಲುಗಳನ್ನು ತೆಗೆಯಲು ಬಿಟ್ಟವು, ಇದಕ್ಕೆ ಬಿಡಲಿಲ್ಲ.

ಇಷ್ಟೆಲ್ಲ ಆದರೂ ಸ್ಕೋರ್ ನಿಜವಾಗಿ ಇಳಿಯತೊಡಗಿದ್ದು ಅಭ್ಯಾಸದ ಕ್ರಮವೇ ಬದಲಾದ ಮೇಲೆ. ಒಂದೇ ಜಾಗದಿಂದ ಬುಟ್ಟಿಗಟ್ಟಲೆ ಚೆಂಡು ಹೊಡೆದರೆ ಆರನೆಯದೋ ಏಳನೆಯದೋ ಕುಳಿಯ ಪಕ್ಕ ಕೂರುತ್ತದೆ, ಮನಸ್ಸು ಹಿಗ್ಗುತ್ತದೆ. ಆದರೆ ಮೈದಾನದಲ್ಲಿ ಸಿಗುವುದು ಮೊದಲನೆಯದು ಮಾತ್ರ. ಈ ವಿಷಯ ಸಂಶೋಧಕರಿಗೂ ಹಳೆಯದು. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬುವರು ಕೈಚಲನೆಯ ಕೌಶಲಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಒಂದನ್ನೇ ಸಾಲಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ವೇಳೆ ಮುಂದಿದ್ದರು. ಕಲೆಸಿ ಕಲೆಸಿ ಅಭ್ಯಾಸ ಮಾಡಿದವರಲ್ಲಿ ಕಲಿತದ್ದು ಹೆಚ್ಚು ಉಳಿಯಿತು.

ಆದ್ದರಿಂದ ಅರ್ಧ ಗಂಟೆಯ ಬಹುಪಾಲನ್ನು ಒಂದೇ ಚೆಂಡಿನ ಆಟಕ್ಕೆ ಮೀಸಲಿಟ್ಟೆ. ಗಾಲ್ಫ್ ಆಡುವವರು ಇದನ್ನು 'ಪಾರ್ 18' ಎನ್ನುತ್ತಾರೆ. ಗ್ರೀನ್‌ನ ಸುತ್ತ ಒಂಬತ್ತು ಜಾಗ: ಕೆಲವು ಸುಲಭ, ಕೆಲವು ಉದ್ದ ಹುಲ್ಲಿನಲ್ಲಿ, ಒಂದು ಬಂಕರ್‌ನಲ್ಲಿ. ಪ್ರತಿ ಜಾಗಕ್ಕೂ ಪಾರ್ 2, ಅಂದರೆ ಗ್ರೀನ್‌ಗೆ ತರಲು ಒಂದು, ಹಾಕಲು ಒಂದು. ಚೆಂಡು ಕುಳಿಗೆ ಬೀಳುವವರೆಗೂ ಬಿಡುವಂತಿಲ್ಲ. ಒಂದು ಅಡಿ ಉಳಿದಿದ್ದರೂ 'ಇದು ಬಿದ್ದಂತೆಯೇ' ಎಂದು ಎತ್ತಿಕೊಳ್ಳುವಂತಿಲ್ಲ. ಒಬ್ಬನೇ ಇದ್ದಾಗ ನನ್ನ ಮೇಲೆ ನನಗೇ ಕರುಣೆ ಉಕ್ಕುತ್ತದೆಂದು, ಸಂಜೆ ಅಲ್ಲೇ ಅಭ್ಯಾಸಕ್ಕೆ ಬರುತ್ತಿದ್ದ ಹಿರಿಯರೊಬ್ಬರನ್ನು ಜೊತೆಗೆ ಸೇರಿಸಿಕೊಂಡೆ. ಅವರು ಕರುಣೆಯ ಮನುಷ್ಯರಲ್ಲ. ಚೆಂಡು ಉದ್ದ ಹುಲ್ಲಿನಲ್ಲಿ ಮುಳುಗಿದ್ದಾಗ ಸ್ವಲ್ಪ ಸರಿಸಿಕೊಳ್ಳಲೇ ಎಂದು ಕೇಳಿದರೆ, "ಪಂದ್ಯದಲ್ಲಿ ಯಾರನ್ನು ಕೇಳುತ್ತೀರಿ?" ಎನ್ನುತ್ತಿದ್ದರು. ಮೊದಲೆಲ್ಲ ನನ್ನ ಲೆಕ್ಕ 27ರ ಮೇಲೆ ಕೆಳಗೆ, ಅಂದರೆ ಜಾಗಕ್ಕೆ ಮೂರರಂತೆ. ಕ್ರಮೇಣ 23, 24ಕ್ಕೆ ಬಂತು. 20ಕ್ಕಿಂತ ಕೆಳಗೆ ನಾನು ಇಳಿದಿಲ್ಲ, ಆ ಹಿರಿಯರು ಆಗಾಗ ಇಳಿಯುತ್ತಾರೆ.

ಆಟದ ನಡುವಿನ ತೀರ್ಮಾನಗಳೂ ಇದರಿಂದಲೇ ಬದಲಾದವು. ಗ್ರೀನ್‌ನ ಹೊರಗಿದ್ದರೂ ನಡುವಿನ ಹುಲ್ಲು ಗಿಡ್ಡವಾಗಿದ್ದರೆ ಈಗ ಮೊದಲು ಕೈ ಹೋಗುವುದು ಪಟರ್‌ಗೆ. ನನ್ನ ಕೆಟ್ಟ ಪಟ್ ನನ್ನ ಕೆಟ್ಟ ಚಿಪ್‌ಗಿಂತ ಕುಳಿಗೆ ಹತ್ತಿರ ನಿಲ್ಲುತ್ತದೆ ಎಂದು ಒಂಬತ್ತು ಜಾಗದ ಆಟವೇ ತೋರಿಸಿಕೊಟ್ಟಿತ್ತು. ಧ್ವಜ ಬಂಕರ್‌ನ ಬೆನ್ನಿಗೇ ನೆಟ್ಟಿದ್ದರೆ ಗ್ರೀನ್‌ನ ನಡುವಿಗೆ ಹೊಡೆದು 30 ಅಡಿಯ ಪಟ್ ಒಪ್ಪಿಕೊಳ್ಳುತ್ತೇನೆ. ಇಳಿಜಾರಿನ ಉದ್ದ ಪಟ್‌ನಲ್ಲಿ ಧ್ವಜದ ಕೋಲನ್ನು ಕುಳಿಯಲ್ಲೇ ಬಿಡುತ್ತೇನೆ, 2019ರಿಂದ ಅದಕ್ಕೆ ಚೆಂಡು ತಗುಲಿದರೂ ದಂಡವಿಲ್ಲ.

ಫಲದ ಬಗ್ಗೆ ಒಂದು ವಿಚಿತ್ರ ಹೇಳಬೇಕು. ನನ್ನ ಸರಾಸರಿ ಸ್ಕೋರ್ ಎಂಬತ್ತರ ನಡುವಿಗೆ ಇಳಿದಿದೆ, ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ಹೇಳುವ ಅಂಕಿ) ಮಾತ್ರ ಅಷ್ಟು ಇಳಿದಿಲ್ಲ. ಕಾರಣ ಹುಡುಕಲು ಹಳೆಯ ಕಾರ್ಡ್‌ಗಳನ್ನು ತೆಗೆದು ನೋಡಿದೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಇತ್ತೀಚಿನ 20 ಸುತ್ತುಗಳಲ್ಲಿ ಅತ್ಯುತ್ತಮ 8ನ್ನು ಮಾತ್ರ ಎಣಿಸುತ್ತದೆ. ನನ್ನ ಒಳ್ಳೆಯ ಸುತ್ತುಗಳು ಸ್ವಲ್ಪವೇ ಸುಧಾರಿಸಿವೆ, ಏಕೆಂದರೆ ಡ್ರೈವ್, ಐರನ್ ಎಲ್ಲ ಕೂಡಿಬಂದ ದಿನ ಚಿಪ್‌ಗೆ ಕೆಲಸವೇ ಕಡಿಮೆ. ಸುಧಾರಿಸಿರುವುದು ಕೆಟ್ಟ ಸುತ್ತುಗಳು. ಮೊದಲು ನೂರರ ಹತ್ತಿರ ಹೋಗುತ್ತಿದ್ದ ದಿನಗಳು ಈಗ ತೊಂಬತ್ತರ ಆಚೀಚೆ ನಿಲ್ಲುತ್ತಿವೆ, ಹ್ಯಾಂಡಿಕ್ಯಾಪ್‌ನ ಲೆಕ್ಕಕ್ಕೆ ಅವು ಸೇರುವುದೇ ಇಲ್ಲ. ಆ ಅಂಕಿಯನ್ನೂ ಇಳಿಸಬೇಕಾದರೆ ಬ್ರಾಡಿ ಹೇಳಿದ ಕಡೆಗೇ, 100 ಗಜದಾಚೆಗೇ, ಹೋಗಬೇಕು. ಸದ್ಯಕ್ಕೆ ವಾರದ ಸಂಜೆಗಳಲ್ಲಿ ಒಂದನ್ನು 7 ಐರನ್‌ಗೆ ಬಿಟ್ಟುಕೊಟ್ಟಿದ್ದೇನೆ, ಉಳಿದವು ಒಂಬತ್ತು ಜಾಗದ ಆಟಕ್ಕೇ.